ಈಸ್ಟರ್ ದ್ವೀಪದ ಮಾತಾವೇರಿ ವಿಮಾನ ನಿಲ್ದಾಣ: ಹೋಗಿ ಇಳಿದು ಮನೆಗೆ ಮರಳುವವರೆಗೆ

ಪೆಸಿಫಿಕ್ ಸಾಗರದಲ್ಲಿರುವ, ಚಿಲಿಗೆ ಸೇರಿದ ಈಸ್ಟರ್ ದ್ವೀಪಕ್ಕೆ ಇರುವುದು ಒಂದೇ ವಿಮಾನ ನಿಲ್ದಾಣ. ಅದರಲ್ಲಿ ಒಂದೇ ರನ್‌ವೇ. ಅಲ್ಲಿಗೆ ನಿಯಮಿತವಾಗಿ ಪ್ರಯಾಣಿಕರನ್ನು ಕರೆತರುವುದು ಲಾಟಾಮ್ ಎಂಬ ಒಂದೇ ಕಂಪನಿ, ಅದೂ ಚಿಲಿಯ ರಾಜಧಾನಿ ಸ್ಯಾಂಟಿಯಾಗೊದಿಂದ. ಈ ಪ್ರವಾಸದಲ್ಲಿ ಎದುರಾಗುವ ನಿಯಮ, ಕಾಯುವಿಕೆ, ಖರ್ಚು ಎಲ್ಲದರ ಮೂಲವೂ ಇಲ್ಲೇ ಇದೆ. ಮೋಆಯ್ ಎಂಬ ದೈತ್ಯ ಶಿಲಾಮೂರ್ತಿಗಳನ್ನು ನೋಡುವ ಆಸೆಯಿಂದ ಹೊರಡುವವರು ಈ ರನ್‌ವೇಯ ಲೆಕ್ಕಾಚಾರವನ್ನು ಮೊದಲು ತಿಳಿದುಕೊಂಡರೆ ಮುಂದಿನ ಕೆಲಸವೆಲ್ಲ ಸಲೀಸು. ಭಾರತದಿಂದ, ಅದರಲ್ಲೂ ಬೆಂಗಳೂರಿನಿಂದ ಹೊರಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರತಿ ಹಂತವನ್ನೂ ಇಲ್ಲಿ ವಿವರಿಸಿದ್ದೇವೆ.

ಮೊದಲು ನಿಲ್ದಾಣದ ಪರಿಚಯ

ಅಧಿಕೃತ ಹೆಸರು ಮಾತಾವೇರಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಟಿಕೆಟ್ ಹುಡುಕುವಾಗ ಬಳಸಬೇಕಾದ ಸಂಕೇತ ಐಪಿಸಿ. ದ್ವೀಪದ ಏಕೈಕ ಪಟ್ಟಣ ಹಾಂಗಾ ರೋವಾದ ದಕ್ಷಿಣ ಅಂಚಿನಲ್ಲಿ, ರಾನೊ ಕಾವು ಜ್ವಾಲಾಮುಖಿಯ ಬುಡದಲ್ಲಿ ಇದು ಇದೆ. ರನ್‌ವೇಯ ಉದ್ದ 3,318 ಮೀಟರ್. ದ್ವೀಪದ ನೈಋತ್ಯ ಮೂಲೆಯನ್ನು ಒಂದು ಕಡಲಂಚಿನಿಂದ ಇನ್ನೊಂದು ಕಡಲಂಚಿನವರೆಗೆ ಹೆಚ್ಚುಕಡಿಮೆ ಪೂರ್ತಿ ಕತ್ತರಿಸಿದಂತೆ ಅದು ಹಾದುಹೋಗುತ್ತದೆ. ನಿಲ್ದಾಣವನ್ನು ನಡೆಸುವುದು ಚಿಲಿ ಸರ್ಕಾರದ ನಾಗರಿಕ ವಿಮಾನಯಾನ ಇಲಾಖೆ.

ಒಟ್ಟು 160 ಚದರ ಕಿ.ಮೀ.ಗಿಂತ ತುಸು ಹೆಚ್ಚಿರುವ, 2017ರ ಜನಗಣತಿಯಲ್ಲಿ 7,750 ಜನರಿದ್ದ ದ್ವೀಪಕ್ಕೆ ಇಷ್ಟುದ್ದದ ರನ್‌ವೇ ಯಾಕೆ ಬೇಕಾಯಿತು? ಇದಕ್ಕೆ ಉತ್ತರ ಸಿಗುವುದು ಅಮೆರಿಕದ ಬಾಹ್ಯಾಕಾಶ ಯೋಜನೆಯಲ್ಲಿ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವ್ಯಾಂಡೆನ್‌ಬರ್ಗ್ ನೆಲೆಯಿಂದ ದಕ್ಷಿಣ ದಿಕ್ಕಿಗೆ ಸ್ಪೇಸ್ ಶಟಲ್ ಹಾರಿಸುವ ಯೋಜನೆ ನಾಸಾಕ್ಕಿತ್ತು. ಮೇಲೇರುವಾಗ ಏನಾದರೂ ಕೆಟ್ಟರೆ ಶಟಲ್ ಇಳಿಯಲು ಆ ಹಾದಿಯಲ್ಲಿ ಸಿಗುವ ನೆಲ ಈ ದ್ವೀಪ. ಹಾಗಾಗಿ ಅಮೆರಿಕದ ಹಣದಿಂದ ರನ್‌ವೇಯನ್ನು ಉದ್ದ ಮಾಡಿದರು. ಕೆಲಸ 1987ರಲ್ಲಿ ಮುಗಿಯಿತು. ಅಷ್ಟರಲ್ಲಿ 1986ರ ಚಾಲೆಂಜರ್ ಶಟಲ್ ದುರಂತ ನಡೆದು ವ್ಯಾಂಡೆನ್‌ಬರ್ಗ್ ಯೋಜನೆಯೇ ನಿಂತುಹೋಯಿತು. ಅಲ್ಲಿಂದ ಒಂದು ಶಟಲ್ ಕೂಡ ಹಾರಲಿಲ್ಲ. ಆದರೆ ಆ ಉದ್ದದ ಲಾಭ ದ್ವೀಪಕ್ಕೆ ಉಳಿಯಿತು. ಇಂದು ಬೋಯಿಂಗ್ 787ರಂಥ ಅಗಲ ದೇಹದ ವಿಮಾನಗಳು ಇಲ್ಲಿ ಸರಾಗವಾಗಿ ಇಳಿಯುತ್ತಿವೆ.

ಚಿಲಿಯಿಂದ ದ್ವೀಪಕ್ಕೆ ಮೊದಲು ಹಾರಿದ್ದು 1951ರ ಜನವರಿಯಲ್ಲಿ, ರೊಬೆರ್ತೊ ಪರಾಗೆ ಎಂಬ ಚಿಲಿಯ ಪೈಲಟ್ ಕ್ಯಾಟಲಿನಾ ವಿಮಾನದಲ್ಲಿ. ನಿಯಮಿತ ಪ್ರಯಾಣಿಕ ವಿಮಾನ ಬಂದದ್ದು 1967ರಲ್ಲಿ.

ವಿಮಾನ ಅರ್ಧದಾರಿಯಿಂದ ಯಾಕೆ ವಾಪಸ್ ಬರಬಹುದು

ಇದನ್ನು ತಾಂತ್ರಿಕ ವಿಷಯವೆಂದು ದಾಟಿ ಹೋಗಬೇಡಿ. ನಿಮ್ಮ ದಿನಗಳ ಲೆಕ್ಕ ನಿಂತಿರುವುದೇ ಇದರ ಮೇಲೆ.

ಸಾಮಾನ್ಯವಾಗಿ ಒಂದು ವಿಮಾನ ಹೊರಡುವಾಗ ಗುರಿಯ ನಿಲ್ದಾಣದ ಜೊತೆಗೆ ಹತ್ತಿರದ ಇನ್ನೊಂದು ಬದಲಿ ನಿಲ್ದಾಣವನ್ನೂ ಗೊತ್ತುಮಾಡಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಮಂಜು ಕವಿದರೆ ಚೆನ್ನೈಗೆ ಹೋಗುವ ಹಾಗೆ. ಮಾತಾವೇರಿಗೆ ಅತಿ ಹತ್ತಿರದ ವಿಮಾನ ನಿಲ್ದಾಣ ಫ್ರೆಂಚ್ ಪಾಲಿನೇಷ್ಯದ ಗ್ಯಾಂಬಿಯರ್ ದ್ವೀಪಗಳ ಮಾಂಗರೇವಾದಲ್ಲಿದೆ, 2,603 ಕಿ.ಮೀ. ದೂರ. ಹೆಚ್ಚುಕಡಿಮೆ ಬೆಂಗಳೂರಿನಿಂದ ದುಬೈಗೆ ಇರುವಷ್ಟು. ನಡುವೆ ನೀರು ಬಿಟ್ಟು ಬೇರೇನಿಲ್ಲ. ಅಲ್ಲಿನ ರನ್‌ವೇ ಕೂಡ ಸುಮಾರು 2,000 ಮೀಟರ್‌ನದು, ದೊಡ್ಡ ವಿಮಾನಕ್ಕೆ ಒಗ್ಗುವುದಲ್ಲ. ಅಂದರೆ ಮಾತಾವೇರಿಗೆ ಬದಲಿ ಎಂಬುದೇ ಇಲ್ಲ.

ಇಂಥ ಒಂಟಿ ನಿಲ್ದಾಣಗಳಿಗೆ ಅಂತರರಾಷ್ಟ್ರೀಯ ನಿಯಮ ಬೇರೆ. ಬದಲಿ ನಿಲ್ದಾಣಕ್ಕೆ ಬೇಕಾದ ಇಂಧನದ ಜಾಗದಲ್ಲಿ, ಗುರಿ ತಲುಪಿದ ಮೇಲೂ ಸುಮಾರು ಎರಡು ಗಂಟೆ ಹಾರಾಡಲು ಸಾಕಾಗುವಷ್ಟು ಇಂಧನ ಟ್ಯಾಂಕಿನಲ್ಲಿರಬೇಕು. ಮಳೆಯ ಮೋಡ ಸರಿಯಲಿ, ಗಾಳಿ ತಗ್ಗಲಿ ಎಂದು ಕಾಯಲು ಇರುವ ಅವಕಾಶ ಅಷ್ಟೇ. ಇದರ ಜೊತೆಗೆ ಪ್ರತಿ ಹಾರಾಟಕ್ಕೂ ಮರಳಲಾಗದ ಬಿಂದು ಎಂಬುದೊಂದನ್ನು ಲೆಕ್ಕ ಹಾಕಿರುತ್ತಾರೆ. ಅದನ್ನು ದಾಟಿದರೆ ಸ್ಯಾಂಟಿಯಾಗೊಗೆ ವಾಪಸ್ ಬರಲು ಇಂಧನ ಸಾಲದು, ದ್ವೀಪದಲ್ಲೇ ಇಳಿಯಬೇಕು. ಆ ಬಿಂದುವಿಗೆ ಬರುವ ಮುನ್ನ ಪೈಲಟ್‌ಗಳು ದ್ವೀಪದ ಹವಾಮಾನ, ರನ್‌ವೇಯ ಸ್ಥಿತಿ ಎರಡನ್ನೂ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. ಸಂಶಯ ಬಂದರೆ ವಿಮಾನ ತಿರುಗುತ್ತದೆ. ಹೀಗೆ ಕೆಲವು ಗಂಟೆ ಸಮುದ್ರದ ಮೇಲೆ ಹಾರಿ ಹೊರಟಲ್ಲಿಗೇ ಮರಳುವುದು ಈ ಮಾರ್ಗದಲ್ಲಿ ಸಾಧ್ಯ.

ಎರಡು ವಿಮಾನಗಳು ಒಟ್ಟಿಗೆ ಸಮೀಪಿಸುವುದನ್ನೂ ಇಲ್ಲಿ ತಪ್ಪಿಸುತ್ತಾರೆ. ಮೊದಲನೆಯದು ಇಳಿಯುವಾಗ ಟೈರ್ ಒಡೆದು ರನ್‌ವೇಯಲ್ಲೇ ನಿಂತುಬಿಟ್ಟರೆ ಹಿಂದಿನದಕ್ಕೆ ಇಳಿಯಲು ಜಾಗವಿಲ್ಲ. ಅದಕ್ಕಾಗಿ ಮೊದಲ ವಿಮಾನ ಸುರಕ್ಷಿತವಾಗಿ ಇಳಿದ ಸುದ್ದಿ ಬರುವವರೆಗೆ ಹಿಂದಿನದು ಮರಳಲಾಗದ ಬಿಂದುವನ್ನು ದಾಟುವುದಿಲ್ಲ. ಒಂದು ವಿಮಾನ ತಡವಾದರೆ ಅದೇ ದಿನದ ಇನ್ನೊಂದೂ ತಡವಾಗುವುದಕ್ಕೆ ಇದೂ ಕಾರಣ.

ಇದರಿಂದ ನೀವು ಮಾಡಬೇಕಾದದ್ದು ಇಷ್ಟು: ದ್ವೀಪದಿಂದ ಸ್ಯಾಂಟಿಯಾಗೊಗೆ ಮರಳುವ ದಿನಕ್ಕೂ ಅಲ್ಲಿಂದ ಭಾರತದ ಕಡೆಗೆ ಹೊರಡುವ ದಿನಕ್ಕೂ ನಡುವೆ ಕನಿಷ್ಠ ಒಂದು ಪೂರ್ತಿ ದಿನ ಖಾಲಿ ಇಡಿ. ಎರಡು ದಿನವಾದರೆ ಇನ್ನೂ ನೆಮ್ಮದಿ. ಟಿಕೆಟ್‌ಗಳು ಬೇರೆ ಬೇರೆ ಬುಕಿಂಗ್‌ನಲ್ಲಿದ್ದರೆ ಇದು ಖಡ್ಡಾಯವೆಂದೇ ತಿಳಿಯಿರಿ. ಮೊದಲ ವಿಮಾನ ರದ್ದಾಗಿ ಎರಡನೆಯದು ತಪ್ಪಿದರೆ ಎರಡನೆಯ ಕಂಪನಿಗೆ ನಿಮ್ಮ ಹೊಣೆ ಇರುವುದಿಲ್ಲ.

ಹಂತ 1: ಟಿಕೆಟ್

ಮೊದಲು ಸ್ಯಾಂಟಿಯಾಗೊ–ಮಾತಾವೇರಿ ಹೋಗಿಬರುವ ದಿನಾಂಕ ನೋಡಿ, ಆಮೇಲೆ ಅದಕ್ಕೆ ಹೊಂದುವ ಹಾಗೆ ಬೆಂಗಳೂರು–ಸ್ಯಾಂಟಿಯಾಗೊ ಟಿಕೆಟ್ ಹುಡುಕಿ. ಬಹಳ ಮಂದಿ ಇದನ್ನು ತಿರುಗಾಮುರುಗಾ ಮಾಡಿ, ಕೊನೆಗೆ ದ್ವೀಪದ ಟಿಕೆಟ್‌ಗೆ ದುಪ್ಪಟ್ಟು ತೆರುತ್ತಾರೆ. ವಾರಕ್ಕೆ ಎಷ್ಟು ವಿಮಾನ ಎಂಬುದು ಋತುವಿನ ಪ್ರಕಾರ ಬದಲಾಗುತ್ತದೆ; ಲಾಟಾಮ್ ವೇಳಾಪಟ್ಟಿಯನ್ನು ನೇರವಾಗಿ ನೋಡುವುದು ಒಳ್ಳೆಯದು. ಜನವರಿ ಕೊನೆ, ಫೆಬ್ರವರಿ ಮೊದಲ ಭಾಗದಲ್ಲಿ ನಡೆಯುವ ತಾಪಾತಿ ಉತ್ಸವದ ಹೊತ್ತಿಗೆ ಸೀಟು, ಕೋಣೆ ಎರಡೂ ತಿಂಗಳುಗಳ ಮುಂಚೆ ತುಂಬಿಹೋಗುತ್ತವೆ.

ದ್ವೀಪದಿಂದ ಮುಂದಕ್ಕೆ ಟಹೀಟಿಗೆ ಹೋಗುವ ಲಾಟಾಮ್ ವಿಮಾನ ಕೋವಿಡ್‌ಗೆ ಮುಂಚೆ ಇತ್ತು. ಹಳೆಯ ಪ್ರವಾಸ ಬರಹಗಳಲ್ಲಿ ಅದನ್ನು ಓದಿ ಪೆಸಿಫಿಕ್ ದಾಟುವ ಯೋಜನೆ ಹಾಕಬೇಡಿ. ಹೋದ ದಾರಿಯಲ್ಲೇ ಬರಬೇಕು ಎಂದುಕೊಂಡೇ ಹೊರಡಿ.

ಭಾರತದಿಂದ ಚಿಲಿಗೆ ನೇರ ವಿಮಾನವಿಲ್ಲ. ಯುರೋಪಿನ ಪ್ಯಾರಿಸ್, ಮ್ಯಾಡ್ರಿಡ್‌ನಂಥ ನಗರಗಳ ಮೂಲಕ, ಇಲ್ಲವೇ ದುಬೈ ಅಥವಾ ದೋಹಾದಿಂದ ಬ್ರೆಜಿಲ್‌ನ ಸಾವೊ ಪಾಲೊ ಮೂಲಕ ಹೋಗಬಹುದು. ಅಮೆರಿಕದ ಮೂಲಕ ಹೋಗುವುದಾದರೆ ಬರೀ ವಿಮಾನ ಬದಲಿಸಲೂ ಅಲ್ಲಿನ ವೀಸಾ ಬೇಕೇಬೇಕು. ಯುರೋಪಿನ ಕೆಲವು ದೇಶಗಳು ಭಾರತೀಯ ಪಾಸ್‌ಪೋರ್ಟ್‌ನವರಿಗೆ ನಿಲ್ದಾಣದೊಳಗಿನ ಟ್ರಾನ್ಸಿಟ್‌ಗೂ ವೀಸಾ ಕೇಳುತ್ತವೆ, ಮತ್ತೆ ಈ ನಿಯಮ ಬದಲಾಗುತ್ತಲೂ ಇರುತ್ತದೆ. ಹಣ ಕಟ್ಟುವ ಮೊದಲು ಆಯಾ ದೇಶದ ರಾಯಭಾರ ಕಚೇರಿಯ ತಾಣದಲ್ಲಿ ನೋಡಿಕೊಳ್ಳಿ. ಸಾವೊ ಪಾಲೊ ದಾರಿ ಹಿಡಿಯುವವರಿಗೆ ಹಳದಿ ಜ್ವರದ ಲಸಿಕೆಯ ವಿಷಯವೊಂದಿದೆ, ಅದು ಕೊನೆಯ ಹಂತದಲ್ಲಿ.

ಹಂತ 2: ಚಿಲಿ ವೀಸಾ, ಮತ್ತು ಹೆಸರಿನ ತೊಡಕು

ದ್ವೀಪ ಚಿಲಿಯದೇ ಭಾಗ, 1888ರಿಂದ. ಆದ್ದರಿಂದ ದ್ವೀಪಕ್ಕೆಂದು ಪ್ರತ್ಯೇಕ ವೀಸಾ ಇಲ್ಲ. ಚಿಲಿಯ ಪ್ರವಾಸಿ ಪ್ರವೇಶಕ್ಕೆ ಬೇಕಾದ ಅನುಮತಿ ಸಾಕು. ಅರ್ಜಿ ಆನ್‌ಲೈನ್. ದೆಹಲಿಯಲ್ಲಿ ರಾಯಭಾರ ಕಚೇರಿ, ಮುಂಬೈಯಲ್ಲಿ ಕಾನ್ಸುಲೇಟ್ ಇದೆ. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ನಿಮ್ಮಲ್ಲಿದ್ದರೆ ಅದರಿಂದ ವಿನಾಯಿತಿ ಸಿಗುತ್ತದೆಯೇ ಎಂದು ಅಲ್ಲೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆದು ಮುದ್ರಿಸಿಟ್ಟುಕೊಳ್ಳಿ. ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲಿ ಕೇಳಿದಾಗ ಬಾಯಿಮಾತಿಗಿಂತ ಆ ಕಾಗದ ಕೆಲಸಕ್ಕೆ ಬರುತ್ತದೆ.

ನಮ್ಮ ಕಡೆಯವರಿಗೆ ಹೆಚ್ಚು ತೊಂದರೆ ಕೊಡುವುದು ಹೆಸರು. ಕನ್ನಡಿಗರ ಅನೇಕ ಪಾಸ್‌ಪೋರ್ಟ್‌ಗಳಲ್ಲಿ ಸರ್‌ನೇಮ್ ಕಾಲಂ ಖಾಲಿ ಇರುತ್ತದೆ. ಇನಿಷಿಯಲ್‌ಗಳನ್ನು ಬಿಡಿಸಿ ಊರು, ತಂದೆಯ ಹೆಸರು ಎಲ್ಲವನ್ನೂ ಗಿವನ್ ನೇಮ್‌ನಲ್ಲೇ ಸೇರಿಸಿರುತ್ತಾರೆ. ಸ್ಪ್ಯಾನಿಷ್ ಮಾತಾಡುವ ದೇಶಗಳಲ್ಲಿ ಎಲ್ಲರಿಗೂ ಎರಡೆರಡು ಕುಲನಾಮ ಇರುವುದು ರೂಢಿ, ಅಲ್ಲಿನ ಫಾರಂಗಳು ಆ ಕಾಲಂ ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದೇ ಇಲ್ಲ. ಆಗ ಒಬ್ಬರು ಅಲ್ಲಿ ತಂದೆಯ ಹೆಸರು ಹಾಕುತ್ತಾರೆ, ಇನ್ನೊಬ್ಬರು ಊರಿನ ಹೆಸರು. ಟಿಕೆಟ್‌ನಲ್ಲಿ ಒಂದು, ದ್ವೀಪದ ಫಾರಂನಲ್ಲಿ ಇನ್ನೊಂದು, ಹೋಟೆಲಿನಲ್ಲಿ ಮತ್ತೊಂದು ಆಗಿ ಕೂರುತ್ತದೆ.

ಹೀಗೆ ಮಾಡಿ. ಪಾಸ್‌ಪೋರ್ಟ್‌ನ ಫೋಟೊ ಪುಟದ ಕೆಳಗೆ ಬಾಣದ ಗುರುತುಗಳಿರುವ ಎರಡು ಸಾಲುಗಳಿವೆಯಲ್ಲ, ಅದರಲ್ಲಿರುವ ಅಕ್ಷರಗಳೇ ಅಂತಿಮ. ಸರ್‌ನೇಮ್ ಇಲ್ಲದವರಿಗೆ ಹೇಗೆ ಟಿಕೆಟ್ ಕೊಡುತ್ತೀರಿ ಎಂದು ವಿಮಾನ ಕಂಪನಿಯನ್ನು ಕೇಳಿ. ಸಾಮಾನ್ಯವಾಗಿ ಅದೇ ಹೆಸರನ್ನು ಎರಡೂ ಕಡೆ ಹಾಕಿಸುತ್ತಾರೆ. ಟಿಕೆಟ್‌ನಲ್ಲಿ ಯಾವ ರೀತಿ ಬಂತೋ ಅದೇ ರೀತಿ, ಒಂದಕ್ಷರ ಹೆಚ್ಚುಕಡಿಮೆಯಾಗದಂತೆ, ಮುಂದಿನ ಎಲ್ಲ ಫಾರಂಗಳಲ್ಲೂ ಬರೆಯಿರಿ. ಹೊರಡಲು ಇನ್ನೂ ಆರೇಳು ತಿಂಗಳಿದ್ದರೆ ಪಾಸ್‌ಪೋರ್ಟ್‌ನಲ್ಲೇ ಸರ್‌ನೇಮ್ ವಿಂಗಡಿಸಿಕೊಳ್ಳುವುದು ಎಲ್ಲಕ್ಕಿಂತ ಉತ್ತಮ. ಆದರೆ ವೀಸಾ, ಟಿಕೆಟ್ ಆದ ಮೇಲೆ ಆ ಕೆಲಸಕ್ಕೆ ಕೈಹಾಕಬಾರದು.

ಹಂತ 3: ತಂಗುವ ಜಾಗ ಮತ್ತು ಪ್ರವೇಶ ಫಾರಂ

ಸ್ಯಾಂಟಿಯಾಗೊ–ಮಾತಾವೇರಿ ಚಿಲಿಯ ದೇಶದೊಳಗಿನ ಹಾರಾಟ. ಆದರೂ ವಿಮಾನ ಹತ್ತುವ ಮುನ್ನ ಪ್ರತ್ಯೇಕ ತಪಾಸಣೆ ಇದೆ. 2018ರ ಆಗಸ್ಟ್ 1ರಿಂದ ಜಾರಿಯಲ್ಲಿರುವ 21.070ನೇ ಕಾನೂನು ಇದಕ್ಕೆ ಆಧಾರ. ಹೊರಗಿನವರು, ಚಿಲಿ ಪ್ರಜೆಗಳೂ ಸೇರಿ, ದ್ವೀಪದಲ್ಲಿ 30 ದಿನಕ್ಕಿಂತ ಹೆಚ್ಚು ಇರುವಂತಿಲ್ಲ.

ಈ ನಿಯಮವನ್ನು ಕಿರಿಕಿರಿ ಎಂದುಕೊಳ್ಳುವುದು ಸರಿಯಲ್ಲ. ನೀರು, ಕಸ, ಭೂಮಿ ಎಲ್ಲವೂ ಮಿತವಾಗಿರುವ ನೆಲಕ್ಕೆ ವಲಸೆ ಲಂಗುಲಗಾಮಿಲ್ಲದೆ ಹೆಚ್ಚಿದಾಗ ದ್ವೀಪದ ಮೂಲನಿವಾಸಿಗಳಾದ ರಾಪಾ ನುಯಿ ಜನ ವರ್ಷಗಟ್ಟಲೆ ಹೋರಾಡಿ ಪಡೆದದ್ದು ಇದು. 2009ರ ಆಗಸ್ಟ್‌ನಲ್ಲಿ ಅವರು ಇದೇ ರನ್‌ವೇಯಲ್ಲಿ ಕುಳಿತು ವಿಮಾನಗಳನ್ನು ತಡೆದಿದ್ದರು. ತಮ್ಮ ನೆಲಕ್ಕೆ ಯಾರು, ಎಷ್ಟು ದಿನ ಬರಬೇಕೆಂಬುದನ್ನು ಕೇಳುವ ಹಕ್ಕು ಅವರಿಗಿದೆ.

ನಿಮ್ಮಿಂದ ಕೇಳುವುದು ಮೂರು:

1. ವಾಪಸ್ ಬರುವ ದಿನಾಂಕ ನಿಗದಿಯಾದ ಟಿಕೆಟ್. ಒಂದೇ ದಿಕ್ಕಿನ ಟಿಕೆಟ್‌ನಿಂದ ಹತ್ತಲು ಬಿಡುವುದಿಲ್ಲ.

2. ಚಿಲಿಯ ಪ್ರವಾಸೋದ್ಯಮ ಸಂಸ್ಥೆ ಸೆರ್ನಾಟುರ್‌ನಲ್ಲಿ ನೋಂದಣಿಯಾದ ಹೋಟೆಲ್, ಅತಿಥಿಗೃಹ ಅಥವಾ ಕ್ಯಾಂಪಿಂಗ್‌ನ ಬುಕಿಂಗ್. ದ್ವೀಪದ ನಿವಾಸಿಗಳ ಮನೆಯಲ್ಲಿ ಉಳಿಯುವುದಾದರೆ ಅವರು ಅಧಿಕೃತವಾಗಿ ಮಾಡಿಸಿಕೊಟ್ಟ ಆಹ್ವಾನ ಪತ್ರ.

3. ಎಫ್‌ಯುಐ ಎಂಬ ಏಕೀಕೃತ ಪ್ರವೇಶ ಫಾರಂ. ಚಿಲಿ ಸರ್ಕಾರದ ತಾಣದಲ್ಲಿ ಉಚಿತವಾಗಿ ತುಂಬಬಹುದು. ಪಾಸ್‌ಪೋರ್ಟ್ ವಿವರ, ವಿಮಾನದ ಸಂಖ್ಯೆ, ತಂಗುವ ಜಾಗ, ದಿನಾಂಕಗಳನ್ನು ಕೊಡಬೇಕು. ಮಕ್ಕಳೂ ಸೇರಿ ತಲೆಗೊಂದು ಫಾರಂ.

ಹೆಚ್ಚಿನವರು ಎಡವುವುದು ಎರಡನೆಯದರಲ್ಲಿ. ಬಾಡಿಗೆ ಮನೆಗಳ ಆ್ಯಪ್‌ಗಳಲ್ಲಿ ಸಿಗುವ ಅಗ್ಗದ ಕೋಣೆಗಳಲ್ಲಿ ಕೆಲವಕ್ಕೆ ನೋಂದಣಿ ಇರುವುದಿಲ್ಲ. ಹಣ ಕೊಟ್ಟ ಮೇಲೆ ಫಾರಂ ತುಂಬಲು ಕೂತಾಗ ಆ ಹೆಸರು ಸಿಗದೆ ಪೇಚಾಟವಾಗುತ್ತದೆ. ಬುಕ್ ಮಾಡುವ ಮೊದಲೇ ಮಾಲೀಕರಿಗೆ ಬರೆದು ಸೆರ್ನಾಟುರ್ ನೋಂದಣಿ ಇದೆಯೇ ಎಂದು ಕೇಳಿ. ಇದ್ದವರು ತಕ್ಷಣ ಸಂಖ್ಯೆ ಕಳಿಸುತ್ತಾರೆ. ನಿಲ್ದಾಣದಿಂದ ಕರೆದೊಯ್ಯುವ ವ್ಯವಸ್ಥೆ ಇದೆಯೇ ಎಂಬುದನ್ನೂ ಅದೇ ಪತ್ರದಲ್ಲಿ ವಿಚಾರಿಸಿ. ಬಹುತೇಕ ಅತಿಥಿಗೃಹದವರು ಬಂದು ಕರೆದುಕೊಂಡು ಹೋಗುತ್ತಾರೆ.

ಕೊಟ್ಟಿರುವ ದಿನಾಂಕಗಳು ಟಿಕೆಟ್, ಬುಕಿಂಗ್, ಫಾರಂ ಮೂರರಲ್ಲೂ ತಾಳೆಯಾಗಬೇಕು. ಐದು ರಾತ್ರಿ ಇದ್ದು ನಾಲ್ಕಕ್ಕೆ ಮಾತ್ರ ಕೋಣೆ ತೋರಿಸಿದರೆ ಪ್ರಶ್ನೆ ಬರುತ್ತದೆ. ಫಾರಂ ತುಂಬಿದ ಮೇಲೆ ಬರುವ ದೃಢೀಕರಣವನ್ನು ಫೋನಿನಲ್ಲಿ ಉಳಿಸಿಕೊಳ್ಳುವುದರ ಜೊತೆಗೆ ಕಾಗದದಲ್ಲೂ ಇಟ್ಟುಕೊಳ್ಳಿ.

ಹಂತ 4: ಸ್ಯಾಂಟಿಯಾಗೊದಲ್ಲಿ

ಬ್ಯಾಗು ಕೊನೆಯವರೆಗೂ ಹೋಗುತ್ತದೆ ಎಂದು ಬೆಂಗಳೂರಿನಲ್ಲಿ ಯಾರಾದರೂ ಹೇಳಿದರೂ ನಂಬಿ ಕೂರಬೇಡಿ. ಚಿಲಿಯೊಳಗೆ ಕಾಲಿಡುವ ಮೊದಲ ನಿಲ್ದಾಣದಲ್ಲಿ ವಲಸೆ ತಪಾಸಣೆ ಮುಗಿಸಿ, ಲಗೇಜ್ ಎತ್ತಿಕೊಂಡು, ಕಸ್ಟಮ್ಸ್ ಮತ್ತು ಕೃಷಿ ತಪಾಸಣೆ ದಾಟಬೇಕು. ಆಮೇಲೆ ಮತ್ತೆ ಚೆಕ್-ಇನ್. ಅಂತರರಾಷ್ಟ್ರೀಯ ವಿಮಾನಗಳು 2022ರಲ್ಲಿ ತೆರೆದ ಟರ್ಮಿನಲ್ 2ಕ್ಕೆ ಬರುತ್ತವೆ, ದೇಶದೊಳಗಿನವು ಟರ್ಮಿನಲ್ 1ರಿಂದ ಹೊರಡುತ್ತವೆ. ನಡೆದುಹೋಗುವಷ್ಟು ಹತ್ತಿರವೇ. ಆದರೂ ಇಷ್ಟು ದೂರದ ಪ್ರಯಾಣದ ನಂತರ ಅದೇ ದಿನ ಇನ್ನೊಂದು ವಿಮಾನ ಹಿಡಿಯುವುದು ಬೇಡ. ಒಂದು ರಾತ್ರಿ ಸ್ಯಾಂಟಿಯಾಗೊದಲ್ಲಿ ಮಲಗಿ ಹೋಗಿ.

ಕೃಷಿ ತಪಾಸಣೆಯವರು ಸಾಗ್ ಎಂಬ ಸಂಸ್ಥೆಗೆ ಸೇರಿದವರು, ಬಹಳ ಕಟ್ಟುನಿಟ್ಟು. ಹಣ್ಣು ರಫ್ತು ಚಿಲಿಯ ಜೀವನಾಧಾರಗಳಲ್ಲಿ ಒಂದು, ಹಣ್ಣುನೊಣವೊಂದು ಒಳಹೊಕ್ಕರೆ ಇಡೀ ತೋಟಗಾರಿಕೆಗೇ ಪೆಟ್ಟು. ಆದ್ದರಿಂದ ಗಿಡ ಅಥವಾ ಪ್ರಾಣಿಯಿಂದ ಬಂದ ಏನನ್ನೇ ತಂದರೂ ಘೋಷಣಾ ಪತ್ರದಲ್ಲಿ ಹೌದು ಎಂದು ಬರೆಯಬೇಕು. ಬರೆದು ತೋರಿಸಿದರೆ ದಂಡವಿಲ್ಲ. ಒಪ್ಪಿಗೆಯಿಲ್ಲದ್ದನ್ನು ತೆಗೆದಿಟ್ಟುಕೊಂಡು ಕಳಿಸುತ್ತಾರೆ. ಬರೆಯದೆ ಸಿಕ್ಕಿಬಿದ್ದರೆ ಒಂದು ಬಾಳೆಹಣ್ಣಿಗೂ ದಂಡ ಬೀಳುತ್ತದೆ. ವಿಮಾನದಲ್ಲಿ ಕೊಟ್ಟ ಸೇಬನ್ನು ಕೈಚೀಲದಲ್ಲಿ ಮರೆತು ದಂಡ ತೆತ್ತವರು ಎಷ್ಟೋ ಜನ.

ನಮ್ಮ ಬ್ಯಾಗುಗಳಲ್ಲಿ ಇರುವಂಥವನ್ನೇ ತೆಗೆದುಕೊಳ್ಳಿ. ಚಟ್ನಿಪುಡಿ, ಸಾರಿನ ಪುಡಿ, ಅವಲಕ್ಕಿ, ಉಪ್ಪಿನಕಾಯಿ, ತುಪ್ಪ, ಬೆಣ್ಣೆ ಮುರುಕು, ಕೊಬ್ಬರಿ ಮಿಠಾಯಿ ಎಲ್ಲವನ್ನೂ ಘೋಷಿಸಬೇಕು. ಕಂಪನಿಯ ಮೊಹರಿರುವ, ಒಳಗೇನಿದೆಯೆಂದು ಇಂಗ್ಲಿಷಿನಲ್ಲಿ ಮುದ್ರಿಸಿದ ಪೊಟ್ಟಣವಾದರೆ ಅಧಿಕಾರಿಗೆ ನೋಡಲು ಸುಲಭ. ಮನೆಯಲ್ಲಿ ಪ್ಲಾಸ್ಟಿಕ್ ಕವರಿಗೆ ತುಂಬಿದ ಪುಡಿಗಳು, ಹಸಿ ಕರಿಬೇವು, ತೆಂಗಿನಕಾಯಿ, ಮೊಳಕೆ ಬರುವಂಥ ಕಾಳು, ತುಳಸಿ ಬೀಜ ಬೇಡವೇ ಬೇಡ. ಜೇನುತುಪ್ಪವನ್ನು ಪೂರ್ತಿ ಬಿಟ್ಟುಬಿಡಿ. ದ್ವೀಪದ ಜೇನುನೊಣಗಳು ಹೊರಗಿನ ರೋಗಗಳಿಂದ ದೂರ ಉಳಿದಿವೆ, ಅವನ್ನು ಹಾಗೆಯೇ ಕಾಪಾಡಲು ಜೇನಿನ ಪದಾರ್ಥಗಳನ್ನು ಅಲ್ಲಿಗೆ ಬಿಡುವುದಿಲ್ಲ.

ವಲಸೆ ತಪಾಸಣೆಯಲ್ಲಿ ಪಿಡಿಐ ಎಂಬ ಚಿಲಿಯ ತನಿಖಾ ಪೊಲೀಸರು ಕೊಡುವ ಪ್ರವೇಶ ಚೀಟಿಯನ್ನು ಪಾಸ್‌ಪೋರ್ಟ್ ಒಳಗೇ ಇಡಿ. ಚೀಟಿ ನೋಡಲು ಏನೂ ಅಲ್ಲದ ಹಾಗಿರುತ್ತದೆ. ಆದರೆ ನೋಂದಾಯಿತ ಹೋಟೆಲಿನಲ್ಲಿ ವಿದೇಶಿ ಕರೆನ್ಸಿಯಲ್ಲಿ ಅಥವಾ ವಿದೇಶಿ ಕಾರ್ಡಿನಲ್ಲಿ ಹಣ ಕೊಡುವಾಗ ಪಾಸ್‌ಪೋರ್ಟ್ ಜೊತೆ ಇದನ್ನು ತೋರಿಸಿದರೆ ಶೇ. 19ರ ಮಾರಾಟ ತೆರಿಗೆಯಿಂದ ವಿನಾಯಿತಿ ಸಿಗುತ್ತದೆ.

ದ್ವೀಪದ ವಿಮಾನದ ದಿನ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಿ. ದೇಶದೊಳಗಿನ ವಿಮಾನ, ಒಂದೂವರೆ ಗಂಟೆ ಸಾಕು ಎಂದುಕೊಂಡವರು ಪಿಡಿಐ ತಪಾಸಣೆಯ ಸಾಲಿನಲ್ಲಿ ನಿಂತು ಬೆವರುತ್ತಾರೆ. ಪಾಸ್‌ಪೋರ್ಟ್, ಎಫ್‌ಯುಐ, ಬುಕಿಂಗ್, ಮರಳುವ ಟಿಕೆಟ್ ನಾಲ್ಕನ್ನೂ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಹಂತ 5: ಹಾರಾಟ, ಗಡಿಯಾರ, ಇಳಿಯುವಿಕೆ

ದೂರ ಸುಮಾರು 3,760 ಕಿ.ಮೀ. ಹೋಗುವಾಗ ಎದುರುಗಾಳಿಯಿಂದ ಐದೂವರೆ ಗಂಟೆಯಷ್ಟು ಹಿಡಿಯುತ್ತದೆ, ಬರುವಾಗ ಸುಮಾರು ಒಂದು ಗಂಟೆ ಕಡಿಮೆ. ದ್ವೀಪದ ಗಡಿಯಾರ ಸ್ಯಾಂಟಿಯಾಗೊಗಿಂತ ಎರಡು ಗಂಟೆ ಹಿಂದೆ. ಬೆಳಗ್ಗೆ 9ಕ್ಕೆ ಹೊರಟರೆ ಅಲ್ಲಿ ಇಳಿದಾಗ ಮಧ್ಯಾಹ್ನ 12.30ರ ಆಸುಪಾಸು, ಅರ್ಧ ದಿನ ಕೈಯಲ್ಲಿರುತ್ತದೆ. ಬರುವಾಗ ಮಾತ್ರ ಇದು ತಿರುಗಿಬೀಳುತ್ತದೆ: ಮಧ್ಯಾಹ್ನ 2.30ಕ್ಕೆ ಹೊರಟರೆ ಸ್ಯಾಂಟಿಯಾಗೊ ಮುಟ್ಟುವಾಗ ರಾತ್ರಿ 9 ದಾಟಿರುತ್ತದೆ. ಆ ರಾತ್ರಿಯೇ ಇನ್ನೊಂದು ಅಂತರರಾಷ್ಟ್ರೀಯ ವಿಮಾನ ಹಿಡಿಯುವ ಯೋಚನೆ ಯಾಕೆ ಬೇಡವೆಂದರೆ ಇದಕ್ಕೇ. ಮನೆಗೆ ಫೋನ್ ಮಾಡುವವರಿಗೆ: ಭಾರತ ದ್ವೀಪಕ್ಕಿಂತ ಅಲ್ಲಿನ ಬೇಸಿಗೆಯಲ್ಲಿ ಹತ್ತೂವರೆ ಗಂಟೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ಮುಂದೆ. ಚಿಲಿ ಏಪ್ರಿಲ್ ಮತ್ತು ಸೆಪ್ಟೆಂಬರ್ ಆರಂಭದಲ್ಲಿ ಗಡಿಯಾರ ತಿರುಗಿಸುತ್ತದೆ. ಆ ವಾರಗಳಲ್ಲಿ ಪ್ರಯಾಣವಿದ್ದರೆ ಟಿಕೆಟ್‌ನ ಸಮಯವನ್ನು ಹಿಂದಿನ ದಿನ ಮತ್ತೊಮ್ಮೆ ನೋಡಿ.

ಇಳಿದ ವಿಮಾನ ರನ್‌ವೇಯ ತುದಿವರೆಗೆ ಓಡಿ, ಅಲ್ಲೇ ತಿರುಗಿ, ಅದೇ ರನ್‌ವೇಯಲ್ಲಿ ನಿಧಾನವಾಗಿ ಹಿಂದಕ್ಕೆ ಬರುವುದನ್ನು ನೋಡಿ ಗಾಬರಿಯಾಗಬೇಡಿ. ಪಕ್ಕದಲ್ಲಿ ಉದ್ದಕ್ಕೂ ಇನ್ನೊಂದು ದಾರಿ ಇಲ್ಲದ ನಿಲ್ದಾಣಗಳಲ್ಲಿ ಹಾಗೆಯೇ. ಏರೋಬ್ರಿಡ್ಜ್ ಇಲ್ಲ. ಮೆಟ್ಟಿಲಿಳಿದು ಬಯಲಲ್ಲೇ ಟರ್ಮಿನಲ್‌ಗೆ ನಡೆಯಬೇಕು, ಮಳೆಯಿದ್ದರೆ ಮಳೆಯಲ್ಲೇ. ಇಲ್ಲಿ ಮಳೆ ಹೇಳಿ ಬರುವುದಿಲ್ಲ, ಜಾಕೆಟ್ ಕೈಚೀಲದ ಮೇಲ್ಗಡೆಯೇ ಇರಲಿ. ಮೊಣಕಾಲು ನೋವಿನವರು, ಗಾಲಿಕುರ್ಚಿ ಬೇಕಾದವರು ಟಿಕೆಟ್ ಮಾಡುವಾಗಲೇ ತಿಳಿಸಿಡಬೇಕು. ಇಳಿದ ಮೇಲೆ ಕೇಳಿದರೆ ಎಲ್ಲರೂ ಇಳಿಯುವವರೆಗೆ ಕಾಯಬೇಕಾಗುತ್ತದೆ.

ಟರ್ಮಿನಲ್ ತೀರ ಚಿಕ್ಕದು. 787ರಲ್ಲಿ ಬಂದ ಅಷ್ಟೂ ಜನ ಒಮ್ಮೆಗೇ ಲಗೇಜ್ ಪಟ್ಟಿಯ ಸುತ್ತ ನಿಲ್ಲುವುದರಿಂದ ಕೆಲಹೊತ್ತು ಇಕ್ಕಟ್ಟು. ಹೊರಗೆ ಅತಿಥಿಗೃಹದವರು ಹೆಸರಿನ ಫಲಕ ಹಿಡಿದು, ಹೂವಿನ ಹಾರದೊಂದಿಗೆ ಕಾದಿರುತ್ತಾರೆ. ಯಾರೂ ಬರದಿದ್ದರೆ ಟ್ಯಾಕ್ಸಿ ಸಿಗುತ್ತದೆ. ಭಾರವಿಲ್ಲದಿದ್ದರೆ ಪಟ್ಟಣಕ್ಕೆ ನಡೆದೇ ಹೋಗಬಹುದು. ಬಸ್ ಸೌಕರ್ಯ ದ್ವೀಪದಲ್ಲಿಲ್ಲ.

ಹಂತ 6: ದ್ವೀಪದಲ್ಲಿರುವಾಗ ನಿಲ್ದಾಣಕ್ಕೆ ಸಂಬಂಧಿಸಿದ ಕೆಲವು ಮಾತು

ದ್ವೀಪದ ಬಹುಪಾಲು ನೋಡುವ ಜಾಗಗಳು ರಾಷ್ಟ್ರೀಯ ಉದ್ಯಾನದೊಳಗಿವೆ. ಅದನ್ನು ನಡೆಸುವುದು ಮಾಉ ಹೆನುವಾ ಎಂಬ ರಾಪಾ ನುಯಿ ಸಮುದಾಯದ ಸಂಸ್ಥೆ. ಅವರ ಟಿಕೆಟ್ ಇಲ್ಲದೆ ಎಲ್ಲಿಗೂ ಪ್ರವೇಶವಿಲ್ಲ. ಟಿಕೆಟ್ 10 ದಿನ ನಡೆಯುತ್ತದೆ. ಮೋಆಯ್‌ಗಳನ್ನು ಕೆತ್ತಿದ ರಾನೊ ರಾರಾಕು ಕಲ್ಲುಗಣಿ ಮತ್ತು ರಾನೊ ಕಾವು ಅಂಚಿನ ಪ್ರಾಚೀನ ಗ್ರಾಮ ಒರೊಂಗೊ ಎರಡಕ್ಕೆ ಮಾತ್ರ ಒಂದೊಂದೇ ಸಲ. 2022ರ ಆಗಸ್ಟ್‌ನಲ್ಲಿ ದ್ವೀಪ ಮತ್ತೆ ತೆರೆದ ಮೇಲೆ ಹೆಚ್ಚಿನ ಜಾಗಗಳಿಗೆ ಮಾನ್ಯತೆ ಪಡೆದ ಸ್ಥಳೀಯ ಮಾರ್ಗದರ್ಶಿಯೂ ಜೊತೆಗಿರಬೇಕು. ಇಳಿದ ದಿನವೇ ಟಿಕೆಟ್ ಕೊಂಡು ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಳ್ಳಿ. ರಾನೊ ರಾರಾಕು, ಒರೊಂಗೊಗಳನ್ನು ಮೊದಲ ದಿನಗಳಲ್ಲೇ ಮುಗಿಸಿ. ಕೊನೆಯ ದಿನಕ್ಕೆ ಇಟ್ಟುಕೊಂಡು ಅಂದು ಮಳೆ ಹಿಡಿದರೆ ಇನ್ನೊಂದು ಅವಕಾಶವಿಲ್ಲ.

ಒರೊಂಗೊಗೆ ಏರುವ ರಸ್ತೆ ರನ್‌ವೇಯ ತುದಿಯನ್ನು ಬಳಸಿಕೊಂಡು ಹೋಗುತ್ತದೆ. ಪಟ್ಟಣ, ನಿಲ್ದಾಣ, ಉದ್ಯಾನ ಮೂರೂ ಅಂಟಿಕೊಂಡಿರುವುದರಿಂದ ಡ್ರೋನ್ ಹಾರಿಸುವ ಆಸೆ ಬಿಡಿ. ಅನುಮತಿಯಿಲ್ಲದೆ ಉದ್ಯಾನದಲ್ಲಿ ಅದು ನಿಷಿದ್ಧ, ನಿಲ್ದಾಣದ ಬಳಿ ಅಪಾಯ.

ಬಾಡಿಗೆ ಕಾರಿಗೆ ದ್ವೀಪದಲ್ಲಿ ವಿಮೆ ಸಿಗುವುದಿಲ್ಲ. ಒಂದು ಗೀರು ಬಿದ್ದರೂ ನಿಮ್ಮ ಜೇಬಿನಿಂದಲೇ. ಕಾರು ಪಡೆಯುವಾಗ ನಾಲ್ಕೂ ಬದಿಯ ವಿಡಿಯೊ ಮಾಡಿಟ್ಟುಕೊಳ್ಳಿ. ಎಟಿಎಂ ಬೆರಳೆಣಿಕೆಯಷ್ಟು, ಆಗಾಗ ಹಣ ಖಾಲಿ. ಸ್ಯಾಂಟಿಯಾಗೊದಲ್ಲೇ ಪೆಸೊ ತೆಗೆದಿಟ್ಟುಕೊಂಡು ಬನ್ನಿ.

ಬೆಲೆಗಳು ಚಿಲಿಯ ಮುಖ್ಯ ನಾಡಿಗಿಂತ ಹೆಚ್ಚು. ಆಳದ ಬಂದರು ಇಲ್ಲದ ಕಾರಣ ಹಡಗುಗಳು ದೂರದಲ್ಲಿ ಲಂಗರು ಹಾಕುತ್ತವೆ, ಸಾಮಾನನ್ನು ಚಿಕ್ಕ ದೋಣಿಗಳಲ್ಲಿ ಹಾಂಗಾ ಪಿಕೊ ದಕ್ಕೆಗೆ ಸಾಗಿಸುತ್ತಾರೆ. ಬೇಗ ಕೆಡುವ ತರಕಾರಿ, ಹಣ್ಣು, ಔಷಧಿ ವಿಮಾನದಲ್ಲೇ ಬರಬೇಕು. ಸಸ್ಯಾಹಾರಿಗಳು ಸ್ಯಾಂಟಿಯಾಗೊದ ಅಂಗಡಿಯಲ್ಲಿ ಅಕ್ಕಿ, ಬೇಳೆ, ಮೊಹರು ಹಾಕಿದ ಒಣ ಪದಾರ್ಥ ಕೊಂಡು, ಅಡುಗೆಮನೆ ಇರುವ ಕೋಣೆ ಹಿಡಿದರೆ ಹೊಟ್ಟೆಗೂ ಜೇಬಿಗೂ ಹಿತ. ನಿತ್ಯ ತೆಗೆದುಕೊಳ್ಳುವ ಮಾತ್ರೆಗಳನ್ನು ಬೇಕಾದಷ್ಟಕ್ಕಿಂತ ಒಂದು ವಾರದ ಮಟ್ಟಿಗೆ ಹೆಚ್ಚು ಇಟ್ಟುಕೊಳ್ಳಿ, ಅದೂ ಕೈಚೀಲದಲ್ಲಿ. ದ್ವೀಪದಲ್ಲಿ ಒಂದೇ ಆಸ್ಪತ್ರೆ. ಗಂಭೀರ ಕಾಯಿಲೆಯಾದರೆ ವಿಮಾನದಲ್ಲಿ ಸ್ಯಾಂಟಿಯಾಗೊಗೆ ಸಾಗಿಸಬೇಕಾಗುತ್ತದೆ. ಆದ್ದರಿಂದ ತುರ್ತು ವಿಮಾನ ಸಾಗಾಟದ ಖರ್ಚನ್ನು ಭರಿಸುವ ಪ್ರವಾಸ ವಿಮೆ ಇಲ್ಲದೆ ಹೊರಡಲೇಬೇಡಿ. ಪಾಲಿಸಿಯಲ್ಲಿ ಆ ಸಾಲನ್ನು ನೀವೇ ಓದಿ ನೋಡಿ, ಏಜೆಂಟರ ಮಾತಿಗೆ ಬಿಡಬೇಡಿ.

ಹಂತ 7: ವಾಪಸ್

ಹೊರಡುವ ಹಿಂದಿನ ಸಂಜೆ ಮತ್ತು ಅದೇ ಬೆಳಗ್ಗೆ ವಿಮಾನದ ಸ್ಥಿತಿ ನೋಡಿ. ಸ್ಯಾಂಟಿಯಾಗೊದಿಂದ ಬರುವ ವಿಮಾನವೇ ತಿರುಗಿ ನಿಮ್ಮನ್ನು ಕರೆದೊಯ್ಯುವುದರಿಂದ, ಅದು ಅಲ್ಲಿಂದ ಹೊರಟಿದೆಯೇ ಎಂದು ನೋಡಿದರೆ ಮುಂದಿನದು ಗೊತ್ತಾಗುತ್ತದೆ. ವಿಮಾನ ರದ್ದಾದರೆ ಮಾಡಬೇಕಾದ ಮೊದಲ ಕೆಲಸ ತಂಗಿದ್ದ ಕೋಣೆಯನ್ನು ಇನ್ನೊಂದು ರಾತ್ರಿಗೆ ಉಳಿಸಿಕೊಳ್ಳುವುದು, ಯಾಕೆಂದರೆ ಇನ್ನೂರಕ್ಕೂ ಹೆಚ್ಚು ಜನ ಅದೇ ಗಳಿಗೆಯಲ್ಲಿ ಕೋಣೆ ಹುಡುಕುತ್ತಿರುತ್ತಾರೆ. ಕಂಪನಿಯ ಕೌಂಟರಿನಲ್ಲಿ ರದ್ದತಿಯ ಪತ್ರ ಬರೆಸಿಕೊಳ್ಳಿ. ವಿಮೆಗೆ ಅದು ಬೇಕು.

ಲಗೇಜಿನಲ್ಲಿ ಕಲ್ಲು, ಜ್ವಾಲಾಮುಖಿಯ ತುಣುಕು, ಮೂಳೆ, ಹಳೆಯದೆನ್ನಿಸುವ ಯಾವುದೇ ವಸ್ತು ಇರಬಾರದು. ಇಡೀ ದ್ವೀಪದ ಪ್ರಾಚೀನ ಅವಶೇಷಗಳಿಗೆ ಕಾನೂನಿನ ರಕ್ಷಣೆ ಇದೆ. ಅಂಗಡಿಯಲ್ಲಿ ಕೊಂಡ ಕೆತ್ತನೆಗೆ ರಸೀದಿ ಇಟ್ಟುಕೊಳ್ಳಿ. ಹಣ್ಣುಗಳನ್ನು ಅಲ್ಲೇ ತಿಂದು ಮುಗಿಸಿ.

ಕೊನೆಯದಾಗಿ ಹಳದಿ ಜ್ವರದ ವಿಷಯ. ಚಿಲಿ ಹಳದಿ ಜ್ವರದ ದೇಶವಲ್ಲ, ದ್ವೀಪವೂ ಅಲ್ಲ. ಆದರೆ ಬ್ರೆಜಿಲ್, ಪೆರು, ಬೊಲಿವಿಯಾ, ಅರ್ಜೆಂಟೀನಾಗಳು ಭಾರತದ ಪಟ್ಟಿಯಲ್ಲಿವೆ. ಅಂಥ ದೇಶ ಬಿಟ್ಟು 6 ದಿನದೊಳಗೆ ಭಾರತಕ್ಕೆ ಬಂದರೆ ಲಸಿಕೆಯ ಹಳದಿ ಪುಸ್ತಕ ತೋರಿಸಬೇಕು. ಇಲ್ಲದಿದ್ದರೆ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಟ್ರಾನ್ಸಿಟ್ ಅವಧಿಯುದ್ದಕ್ಕೂ ವಿಮಾನ ನಿಲ್ದಾಣದೊಳಗೇ ಇದ್ದವರಿಗೆ ವಿನಾಯಿತಿ ಇದೆ, ಆದರೆ ಅದನ್ನು ಒಪ್ಪುವುದು ಬಿಡುವುದು ನಿಲ್ದಾಣದ ಆರೋಗ್ಯಾಧಿಕಾರಿಯ ಕೈಯಲ್ಲಿದೆ. ಸಾವೊ ಪಾಲೊದಲ್ಲಿ ವಿಮಾನ ತಪ್ಪಿ ಒಂದು ರಾತ್ರಿ ಹೊರಗೆ ಉಳಿದರಂತೂ ಆ ವಿನಾಯಿತಿ ಹೋಯಿತು. ಆದ್ದರಿಂದ ಆ ದಾರಿಯಲ್ಲಿ ಹೋಗಿಬರುವವರು ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲಿ ಮೊದಲೇ ಲಸಿಕೆ ಹಾಕಿಸಿಕೊಳ್ಳಿ. ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚಿಸಿಕೊಂಡ 10 ದಿನಗಳ ನಂತರ, ಆಮೇಲೆ ಜೀವನಪರ್ಯಂತ ನಡೆಯುತ್ತದೆ. ಅರವತ್ತು ದಾಟಿದವರು, ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು. ಅಂಥವರಿಗೆ ಯುರೋಪಿನ ದಾರಿಯೇ ಸರಿ.